ಅರಬ್ಬಿ ಸಮುದ್ರದ ಸುದ್ದಿ ನಮ್ಮ ಕಣಕ್ಕೂ ಬೇಕು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯ ಗೆಳೆಯರು ಫೋನ್ ಮಾಡಿ, "ನೀ ಹವಾಮಾನ ಇಲಾಖೆಯಾಗ ಇದ್ದಾಂವ, ಅದರ ಬಗ್ಗೆನ ನಾಕ ಮಾತು ಹೇಳು. ಆದರ ಊಟದ ಹೊತ್ತಿಗೆ ಮುಗಿಸು" ಎಂದರು. ಜೀವನವೆಲ್ಲ ಬೇರೆಯವರಿಗೆ ಮುನ್ನೆಚ್ಚರಿಕೆ ಕಳಿಸಿದವನು ನಾನು. ನನಗೇ ಮುನ್ನೆಚ್ಚರಿಕೆ ಕೊಟ್ಟವರು ಇವರೇ ಮೊದಲು. ಹಾಗಾಗಿ ಹೊತ್ತು ಮೀರದಂತೆ ನೋಡಿಕೊಳ್ಳುತ್ತೇನೆ.

ನಾನು ಈ ಶಾಲೆಗೆ ಬಂದಾಗ ಇದ್ದದ್ದು ಹಂಚಿನ ಮಾಡಿನ ಕೆಲವೇ ಕೋಣೆಗಳು. ಆಷಾಢದಲ್ಲಿ ಸೋರುವ ಜಾಗ ಬಿಟ್ಟು ಸಾಲು ಸರಿಸಿಕೊಂಡು ಕೂಡುತ್ತಿದ್ದೆವು. ನಮ್ಮ ವಿಜ್ಞಾನದ ಮಾಸ್ತರರು ಎಲ್ಲಿಂದಲೋ ಒಂದು ಮಳೆಮಾಪಕ ತಂದು ಅಂಗಳದ ಮೂಲೆಯಲ್ಲಿ ಹುಗಿಸಿದ್ದರು. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅದರೊಳಗಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ಒಂದು ವಹಿಯಲ್ಲಿ ಬರೆಯಬೇಕು. ಮನೆ ಹತ್ತಿರ ಇದ್ದುದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ರವಿವಾರವೂ ಬಿಡುವಿಲ್ಲ.

ಒಂದು ರವಿವಾರ ನಾನು ಹೋಗಲಿಲ್ಲ. ಸೋಮವಾರ ಬಂದು, ರವಿವಾರದ ಮನೆಯಲ್ಲಿ ಅಂದಾಜಿನ ಮೇಲೆ ಒಂದು ಅಂಕಿ ತುಂಬಿದೆ. ಮಾಸ್ತರರು ನೋಡಿದರು. "ನಿನ್ನೆ ನೋಡಿದ್ಯಾ?" ಎಂದರು. ತಲೆ ಬಗ್ಗಿಸಿದೆ. ಬೈಯಲಿಲ್ಲ, ಹೊಡೆಯಲಿಲ್ಲ. "ಮಳಿ ಬರದಿದ್ರ ಸೊನ್ನೆ ಬರಿ, ಅದೂ ಲೆಕ್ಕಾನ. ನೋಡದಿದ್ರ ಖಾಲಿ ಬಿಡು, ಅದೂ ಖರೇನ. ಆದರ ನೋಡದ ಏನೂ ಬರೀಬ್ಯಾಡ" ಎಂದರು. ಮುಂದೆ ನಾನು ಕೆಲಸಕ್ಕೆ ಸೇರಿ ತರಬೇತಿಗೆ ಹೋದಾಗ ಬಹಳ ವಿಷಯ ಕಲಿಸಿದರು. ಆದರೆ ಹವಾಮಾನದ ಮೊದಲ ಪಾಠ, ಬಹುಶಃ ದೊಡ್ಡ ಪಾಠ ಕೂಡ, ನನಗೆ ಈ ಅಂಗಳದಲ್ಲೇ ಸಿಕ್ಕಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಹೆಚ್ಚು ವರ್ಷ ಕೆಲಸ ಮಾಡಿದ್ದು ಕರಾವಳಿಯಲ್ಲಿ. "ಸಮುದ್ರದ ಹವಾಮಾನ ಕಟ್ಕೊಂಡು ನಮ್ಮ ಖಾನಾಪುರದವರಿಗೆ ಏನಾಗಬೇಕು?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಭೂಪಟ ತೆಗೆದು ಒಂದು ಗೆರೆ ಎಳೆದು ನೋಡಿ. ಖಾನಾಪುರದಿಂದ ಪಣಜಿಯ ಸಮುದ್ರ ನೇರ ಗೆರೆಯಲ್ಲಿ 75 ಕಿಲೋಮೀಟರ್ ಆಸುಪಾಸು. ನಮ್ಮದೇ ಜಿಲ್ಲೆಯ ಅಥಣಿ ಅದಕ್ಕಿಂತ ಬಹಳ ದೂರ. ಕಣಕುಂಬಿಯ ಗುಡ್ಡದಿಂದಂತೂ ಕಡಲು ಇನ್ನೂ ಹತ್ತಿರ. ನಮ್ಮ ಮಳೆ ಹುಟ್ಟುವುದು ಆ ನೀರಿನ ಮೇಲೆ. ಪಶ್ಚಿಮದ ಗಾಳಿ ಹಸಿಯನ್ನು ಹೊತ್ತು ತಂದು ಸಹ್ಯಾದ್ರಿಗೆ ಬಡಿಯುತ್ತದೆ, ಮೇಲೇರುತ್ತದೆ, ತಣ್ಣಗಾಗುತ್ತದೆ, ಸುರಿಯುತ್ತದೆ. ಕಣಕುಂಬಿ, ಆಮಗಾಂವ, ಜಾಂಬೋಟಿಯ ಕಡೆ ಸುರಿದು ಹಗುರಾದ ಮೋಡ ಬೆಳಗಾವಿ ಮುಟ್ಟುವ ಹೊತ್ತಿಗೆ ಅರ್ಧ ಬಡವಾಗಿರುತ್ತದೆ. ರಾಮದುರ್ಗ, ಅಥಣಿ ಮುಟ್ಟುವ ಹೊತ್ತಿಗೆ ಕೈ ಖಾಲಿ. ಕಣಕುಂಬಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಅದೇ ಜಿಲ್ಲೆಯ ಪೂರ್ವ ತಾಲ್ಲೂಕುಗಳಲ್ಲಿ ಆರುನೂರರ ಆಸುಪಾಸಿಗೆ ಇಳಿಯುತ್ತದೆ.

ಆದರೆ ಕಾಗದದ ಮೇಲೆ ಬೇರೆ ಮಾತು. ಹವಾಮಾನ ಇಲಾಖೆಯು ಕರ್ನಾಟಕವನ್ನು ಮೂರು ಭಾಗ ಮಾಡುತ್ತದೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಬೆಳಗಾವಿ ಜಿಲ್ಲೆ ಇಡಿಯಾಗಿ ಉತ್ತರ ಒಳನಾಡಿಗೆ ಸೇರುತ್ತದೆ. ಅಂದರೆ ಕಣಕುಂಬಿಯೂ ವಿಜಯಪುರವೂ ಒಂದೇ ಪಂಕ್ತಿಯಲ್ಲಿ! ಇಷ್ಟು ದೊಡ್ಡ ನಾಡಿಗೆ ಎಲ್ಲೋ ಒಂದು ಗೆರೆ ಎಳೆಯಲೇಬೇಕು, ಅದು ತಪ್ಪಲ್ಲ. ಆ ಗೆರೆಯನ್ನು ನಂಬಿ ಕೂಡುವುದು ಮಾತ್ರ ತಪ್ಪು. ಆ ತಪ್ಪನ್ನು ನಾನೇ ಮಾಡಿದ್ದೇನೆ. ಅದನ್ನು ಹೇಳದಿದ್ದರೆ ಈ ಭಾಷಣಕ್ಕೆ ಅರ್ಥವಿಲ್ಲ.

ನಾನು ಕರಾವಳಿಯ ಒಂದು ವೀಕ್ಷಣಾಲಯದಲ್ಲಿದ್ದ ಕಾಲ. ದೀಪಾವಳಿಗೆ ಇನ್ನೊಂದು ವಾರವಿತ್ತು. ಸಮುದ್ರದಲ್ಲಿ ವಾಯುಭಾರ ಕುಸಿತದ ಸೂಚನೆ ಬಂತು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಆದ್ದರಿಂದ ಮುಂಗಾರಿನ ಅಬ್ಬರದಲ್ಲಿ ಹೆಚ್ಚಿನ ದೋಣಿಗಳು ದಡದಲ್ಲಿರುತ್ತವೆ. ಆದರೆ ಅಕ್ಟೋಬರ್ ಎಂದರೆ ಮೀನಿನ ಸುಗ್ಗಿ, ಎಲ್ಲ ದೋಣಿಗಳೂ ನೀರಿನಲ್ಲಿ. ಆಗ ಏಳುವ ಗಾಳಿ ಜೀವ ತೆಗೆಯುತ್ತದೆ. ಬಂದರಿನಲ್ಲಿ ಎಚ್ಚರಿಕೆಯ ಸಂಕೇತ ಏರಿಸಲಾಯಿತು. ಈ ಸಂಕೇತಗಳಿಗೆ ಒಂದರಿಂದ ಹನ್ನೊಂದರವರೆಗೆ ಸಂಖ್ಯೆಗಳಿವೆ, ಹಗಲು ಕಂಬಕ್ಕೆ ಶಂಕು, ಸಿಲಿಂಡರ್ ಆಕಾರಗಳನ್ನು ಏರಿಸುತ್ತಾರೆ, ರಾತ್ರಿ ಕೆಂಪು ಬಿಳಿ ದೀಪ ಹಚ್ಚುತ್ತಾರೆ. ಅಕ್ಷರ ಬಾರದ ಮೀನುಗಾರನೂ ಅದನ್ನು ಓದುತ್ತಾನೆ. ಮೂರು ದಿನ ನಮಗೆ ನಿದ್ದೆ ಇಲ್ಲ. ನಮಗೆ ಗೊತ್ತಿದ್ದ ದೋಣಿಗಳೆಲ್ಲ ದಡ ಸೇರಿದವು. ಒಬ್ಬ ಮುದುಕ ಬುಟ್ಟಿ ತುಂಬ ಮೀನು ತಂದಿಟ್ಟು ಕೈ ಮುಗಿದು ಹೋದ. ನನಗೆ ಬಹಳ ಹೆಮ್ಮೆ ಎನಿಸಿತ್ತು.

ಆ ಹೆಮ್ಮೆ ಹೊತ್ತು ಹಬ್ಬಕ್ಕೆ ಊರಿಗೆ ಬಂದೆ. ಹೊಲದ ಹತ್ತಿರ ಬರುತ್ತಲೇ ಕೊಳೆತ ಹುಲ್ಲಿನ ವಾಸನೆ. ಅಣ್ಣ ಎರಡು ಎಕರೆ ಭತ್ತ ಕೊಯ್ದು ಗದ್ದೆಯಲ್ಲೇ ಒಣಗಲು ಹಾಸಿದ್ದ. ಆಕಾಶ ತಿಳಿಯಾಗಿತ್ತು, ಕೂಲಿಯವರು ಸಿಕ್ಕಿದ್ದರು, ಕೊಯ್ಸಿದ. ಮರುದಿನ ಸಂಜೆಯಿಂದ ಮೂರು ದಿನ ಮಳೆ. ತೆನೆಯ ಮೇಲೇ ಕಾಳು ಮೊಳಕೆ ಒಡೆದಿತ್ತು. ಅವ್ವ ಅದರಲ್ಲೇ ಆರಿಸಿ ಆರಿಸಿ ಒಂದಿಷ್ಟನ್ನು ಪಡಸಾಲೆಯಲ್ಲಿ ಹರವಿದ್ದಳು.

ಅಣ್ಣ ನನಗೆ ನೀರು ಕೊಟ್ಟು, ಮೆಲ್ಲಗೆ ಕೇಳಿದ: "ತಮ್ಮಾ, ಮೀನಗಾರರಿಗೆಲ್ಲಾ ಹೇಳಿದ್ಯಂತ. ನಮಗ್ಯಾಕ ಹೇಳಲಿಲ್ಲೋ?"

ನಾನು ಇಲಾಖೆಯ ಉತ್ತರ ಕೊಟ್ಟೆ. "ಅಣ್ಣಾ, ಅದು ಕರಾವಳಿಗೆ ಕೊಟ್ಟ ಎಚ್ಚರಿಕೆ. ನಮ್ಮೂರು ಒಳನಾಡಿನಾಗ ಬರ್ತೈತಿ."

"ಕರಾವಳಿ ಎಲ್ಲಿಗೆ ಮುಗೀತು ಅಂತ ಮೋಡಕ್ಕ ಗೊತ್ತೈತೇನು?" ಎಂದ.

ನನ್ನಲ್ಲಿ ಉತ್ತರ ಇರಲಿಲ್ಲ. ಆಗ ಊರಿನಲ್ಲಿ ಬಸ್ ನಿಲ್ದಾಣದ ಅಂಗಡಿಯಲ್ಲಿ ಒಂದು ಫೋನ್ ಇತ್ತು. ಒಂದು ಕರೆ ಮಾಡಿದ್ದರೆ ಎರಡು ಎಕರೆ ಭತ್ತ ಇನ್ನೊಂದು ವಾರ ನಿಂತೇ ಇರುತ್ತಿತ್ತು. ನಿಂತ ಭತ್ತ ಮಳೆಯಲ್ಲಿ ಬಾಗಬಹುದು, ಪೂರಾ ಹೋಗುವುದಿಲ್ಲ. ಮಾಹಿತಿ ನನ್ನ ಮೇಜಿನ ಮೇಲೆಯೇ ಇತ್ತು, ಅದನ್ನು ಇಲ್ಲಿಯವರೆಗೆ ತರುವವರು ಇರಲಿಲ್ಲ. ಮುಂದಿನ ವರ್ಷದಿಂದ ಆ ಅಂಗಡಿಗೆ ಕರೆ ಮಾಡಲು ಶುರು ಮಾಡಿದೆ. ಅಂಗಡಿಯವರು ಬಂದುಹೋಗುವವರಿಗೆಲ್ಲ ಕೂಗಿ ಹೇಳುತ್ತಿದ್ದರು. ನಮ್ಮೂರಿನ ಮೊದಲ ಹವಾಮಾನ ಕೇಂದ್ರ ಅದೇ ಎನ್ನಬೇಕು. ಅಣ್ಣ ಇವತ್ತು ಇಲ್ಲೇ ಎರಡನೇ ಸಾಲಿನಲ್ಲಿ ಕುಳಿತಿದ್ದಾನೆ. ನಾನು ಹೇಳಿದ್ದು ಹೆಚ್ಚು ಕಡಿಮೆ ಆಗಿದ್ದರೆ ಊಟದ ಹೊತ್ತಿನಲ್ಲಿ ಅವನನ್ನು ಕೇಳಿ.

ಹಿಂಗಾರಿನ ಹೊತ್ತಿನಲ್ಲೇ ಇಂಥದ್ದು ಯಾಕೆ ಆಗುತ್ತದೆ? ಮಕ್ಕಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಚಂಡಮಾರುತ ಹುಟ್ಟಲು ಬಿಸಿಯಾದ ಸಮುದ್ರ ಬೇಕು, ಜೊತೆಗೆ ಮೇಲಿನ ಗಾಳಿ ಶಾಂತವಾಗಿರಬೇಕು. ಜುಲೈ, ಆಗಸ್ಟ್‌ನಲ್ಲಿ ಕೆಳಗೆ ಒಂದು ದಿಕ್ಕಿನ ಗಾಳಿ, ಮೇಲೆ ಎದುರು ದಿಕ್ಕಿನ ಗಾಳಿ. ಹೊಗೆ ನೇರವಾಗಿ ಏಳಲು ಬಿಡದ ಗಾಳಿಯಂತೆ, ಅದು ಸುಳಿ ಕಟ್ಟಲು ಬಿಡುವುದಿಲ್ಲ. ಮುಂಗಾರು ಹಿಂದೆ ಸರಿದ ಮೇಲೆ ಸಮುದ್ರದ ಬಿಸಿ ಉಳಿದಿರುತ್ತದೆ, ಮೇಲಿನ ಗಾಳಿ ಮಾತ್ರ ತಣ್ಣಗಾಗಿರುತ್ತದೆ. ಹಾಗಾಗಿ ನಮ್ಮ ಸಮುದ್ರಗಳಲ್ಲಿ ಚಂಡಮಾರುತದ ಕಾಲ ಎರಡು: ಮುಂಗಾರಿನ ಮುಂಚೆ ಮೇ, ಜೂನ್, ಮುಂಗಾರಿನ ನಂತರ ಅಕ್ಟೋಬರ್‌ನಿಂದ ಡಿಸೆಂಬರ್.

ಎಲ್ಲ ಸುಳಿಯೂ ಚಂಡಮಾರುತ ಆಗುವುದಿಲ್ಲ. ಗಾಳಿಯ ವೇಗ ಗಂಟೆಗೆ 31 ಕಿಲೋಮೀಟರ್ ದಾಟಿದರೆ ಅದು ವಾಯುಭಾರ ಕುಸಿತ. 62 ದಾಟಿದರೆ ಚಂಡಮಾರುತ, ಆಗಲೇ ಅದಕ್ಕೊಂದು ಹೆಸರು ಇಡುವುದು. ನಮ್ಮ ಕಡಲುಗಳಲ್ಲಿ ಹೆಸರಿಡುವ ಪದ್ಧತಿ 2004ರಲ್ಲಿ ಶುರುವಾಯಿತು. 222 ದಾಟಿದರೆ ಸೂಪರ್ ಸೈಕ್ಲೋನ್. ಹಿಂದೆ ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಎದ್ದರೆ ಅರಬ್ಬಿ ಸಮುದ್ರದಲ್ಲಿ ಒಂದು ಎಂಬ ಲೆಕ್ಕವಿತ್ತು. ಈಚಿನ ವರ್ಷಗಳಲ್ಲಿ ಅರಬ್ಬಿಯ ಪಾಲು ಹೆಚ್ಚುತ್ತಿದೆ, ಏಕೆಂದರೆ ಆ ಸಮುದ್ರ ಮೊದಲಿಗಿಂತ ಬಿಸಿಯಾಗಿದೆ. 2019ರ ಅಕ್ಟೋಬರ್ ಕೊನೆಯಲ್ಲಿ 'ಕ್ಯಾರ್' ಎಂಬ ಸೂಪರ್ ಸೈಕ್ಲೋನ್ ಇನ್ನೂ ಅಡಗಿರಲಿಲ್ಲ, ಅಷ್ಟರಲ್ಲಿ 'ಮಹಾ' ಎಂಬ ಮತ್ತೊಂದು ಎದ್ದಿತು. ಒಂದೇ ಹೊತ್ತಿಗೆ ಒಂದೇ ಸಮುದ್ರದಲ್ಲಿ ಎರಡು.

ಅವೆರಡೂ ನಮ್ಮ ದಡಕ್ಕೆ ಅಪ್ಪಳಿಸಲಿಲ್ಲ. ಆದರೆ ನೆನಪು ಮಾಡಿಕೊಳ್ಳಿ. ಅದೇ ವರ್ಷ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ, ರಾಮದುರ್ಗ, ಕೊಣ್ಣೂರು, ಪಟ್ಟದಕಲ್ಲಿನವರೆಗೆ ನೀರು ನುಗ್ಗಿತ್ತು. ಬೆಳಗಾವಿಯಲ್ಲಿ ಬಳ್ಳಾರಿ ನಾಲೆ ಉಕ್ಕಿ ಶಹಾಪುರ, ವಡಗಾವಿ, ಯಳ್ಳೂರಿನ ಗದ್ದೆಗಳು ಮುಳುಗುವುದನ್ನು ನೀವು ಅನೇಕ ಸಲ ನೋಡಿದ್ದೀರಿ. ಆ ಆಗಸ್ಟ್‌ನಿಂದ ಸುಧಾರಿಸಿಕೊಂಡು ಗೋಡೆ ಕಟ್ಟುತ್ತಿದ್ದ ಜನರ ಮೇಲೆ ಅಕ್ಟೋಬರ್ ಮೂರನೇ ವಾರದಲ್ಲಿ ಮತ್ತೆ ಮಳೆ ಬಂತು, ಮಲಪ್ರಭೆ ಮತ್ತೆ ತುಂಬಿತು. ಅಣೆಕಟ್ಟು ಆಗಲೇ ತುಂಬಿರುತ್ತದೆ, ನೆಲ ಆಗಲೇ ನೀರು ಕುಡಿದು ಸಾಕಾಗಿರುತ್ತದೆ. ಹಾಗಾಗಿ ಆಷಾಢದಲ್ಲಿ ನೆಲ ನುಂಗಿಕೊಳ್ಳುವಷ್ಟು ಮಳೆಯೇ ಅಕ್ಟೋಬರ್‌ನಲ್ಲಿ ಹೊಳೆಯಾಗಿ ಹರಿಯುತ್ತದೆ.

ಪಶ್ಚಿಮವನ್ನಷ್ಟೇ ನೋಡುತ್ತ ಕೂತರೂ ಸಾಲದು. 2009ರಲ್ಲಿ ಮುಂಗಾರು ಕೈಕೊಟ್ಟು, ಉತ್ತರ ಕರ್ನಾಟಕ ಬರದ ಮಾತಾಡುತ್ತಿತ್ತು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ಕುಸಿತ ಬಿಜಾಪುರ, ಬಾಗಲಕೋಟೆ, ರಾಯಚೂರಿನಂಥ ಒಣ ಜಿಲ್ಲೆಗಳ ಮೇಲೆ ಸುರಿಯಿತು. ಅಕ್ಟೋಬರ್ 2ರಂದು ಮಂತ್ರಾಲಯ ಮುಳುಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಮಣ್ಣಿನ ಮೇಲ್ಮುದ್ದೆಯ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಅದಾಗಿ ಆರು ವಾರ ಕಳೆಯುವುದರೊಳಗೆ, ನವೆಂಬರ್ 11ರಂದು 'ಫ್ಯಾನ್' ಚಂಡಮಾರುತ ಮುಂಬೈ, ಅಲಿಬಾಗದ ನಡುವೆ ದಡ ಹತ್ತಿತು. ಕೊಂಕಣದ ಎಷ್ಟೋ ಮೀನುಗಾರರು ಸಮುದ್ರದಲ್ಲೇ ಸಿಕ್ಕಿಕೊಂಡರು.

2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿ, ಕೇರಳದ ಕಡಲಲ್ಲಿ 'ಒಖಿ' ಎದ್ದಾಗ ಇನ್ನೊಂದು ಪಾಠ ಸಿಕ್ಕಿತು. ಅದು ದಡದ ಹತ್ತಿರವೇ ಬೇಗ ಬೆಳೆಯಿತು. ಎಚ್ಚರಿಕೆ ದಡಕ್ಕೆ ಬಂತು, ಆದರೆ ಎಷ್ಟೋ ದಿನ ಮೊದಲೇ ಆಳ ಸಮುದ್ರಕ್ಕೆ ಹೋದ ದೋಣಿಗಳಿಗೆ ಅದನ್ನು ತಲುಪಿಸುವ ದಾರಿಯೇ ಇರಲಿಲ್ಲ. ಆ ಮೇಲೆ ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ, ಉಪಗ್ರಹದಿಂದ ನೇರವಾಗಿ ದೋಣಿಗೆ ಸಂದೇಶ ಮುಟ್ಟಿಸುವ 'ಜೆಮಿನಿ' ಎಂಬ ಸಣ್ಣ ಉಪಕರಣವನ್ನು 2019ರಲ್ಲಿ ಬಳಕೆಗೆ ತಂದಿತು. ಇದನ್ನು ಯಾಕೆ ಹೇಳಿದೆ ಎಂದರೆ, ನಮ್ಮ ದೇಶದಲ್ಲಿ ಈಗ ಮುನ್ಸೂಚನೆಯ ಕೊರತೆ ಮೊದಲಿನಷ್ಟಿಲ್ಲ. ಇನ್ಸಾಟ್ ಉಪಗ್ರಹಗಳು ಮೋಡ ನೋಡುತ್ತಿವೆ. ಗೋವಾದಲ್ಲಿ ಡಾಪ್ಲರ್ ರಾಡಾರ್ ಇದೆ. ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಹಾಕಿದೆ, ಅವು ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಲೆಕ್ಕ ಕಳಿಸುತ್ತವೆ. ಕೊರತೆ ಇರುವುದು ಕೊನೆಯ ಹರದಾರಿಯಲ್ಲಿ. ದಡದಿಂದ ದೋಣಿಗೆ, ಮೊಬೈಲಿನಿಂದ ಕಣಕ್ಕೆ.

ಹಾಗಾದರೆ ಬಂದ ಮುನ್ಸೂಚನೆಯನ್ನು ಓದುವುದು ಹೇಗೆ? ಮೂರು ವಿಷಯ ನೆನಪಿಡಿ ಸಾಕು.

ಮೊದಲನೆಯದು ಬಣ್ಣ. ಹಸಿರು ಎಂದರೆ ಚಿಂತೆ ಇಲ್ಲ. ಹಳದಿ ಎಂದರೆ ಗಮನವಿಡಿ. ಕಿತ್ತಳೆ ಎಂದರೆ ತಯಾರಾಗಿ. ಕೆಂಪು ಎಂದರೆ ಕೆಲಸ ಶುರು ಮಾಡಿ. "ರೆಡ್ ಅಲರ್ಟ್ ಅಂದ್ರು, ನಮ್ಮೂರಾಗ ಹನಿ ಬೀಳಲಿಲ್ಲ" ಎಂದು ಜನ ನಗುತ್ತಾರೆ. ಬಣ್ಣ ಬಳಿಯುವುದು ಇಡೀ ಜಿಲ್ಲೆಗೆ. ನಿಮ್ಮೂರಿನಲ್ಲಿ ಬೀಳದಿದ್ದರೂ ಕಣಕುಂಬಿಯಲ್ಲಿ ಬಿದ್ದರೆ ಸಾಕು, ಹೊಳೆ ತಾನಾಗಿ ನಿಮ್ಮ ಬಾಗಿಲಿಗೆ ಬರುತ್ತದೆ.

ಎರಡನೆಯದು ಅಳತೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.5 ಮುಟ್ಟಿದರೆ ಅತ್ಯಂತ ಭಾರೀ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ನೂರು ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆಯ ಮೇಲೆ ನಾಲ್ಕು ಲಕ್ಷ ಲೀಟರ್, ಅಂದರೆ ಐದು ಸಾವಿರ ಲೀಟರಿನ ಎಂಬತ್ತು ಟ್ಯಾಂಕರ್. ಅಂಕಿ ಕೇಳಿದಾಗ ಈ ಟ್ಯಾಂಕರುಗಳು ಸಾಲಾಗಿ ನಿಂತದ್ದನ್ನು ಕಣ್ಣ ಮುಂದೆ ತಂದುಕೊಳ್ಳಿ. ಇನ್ನೊಂದು ಮಾತು. ಪತ್ರಿಕೆಯಲ್ಲಿ ಬರುವ ಮಳೆಯ ಅಂಕಿ ನಿನ್ನೆ ಬೆಳಿಗ್ಗೆ ಎಂಟೂವರೆಯಿಂದ ಇಂದು ಎಂಟೂವರೆಯವರೆಗಿನದು. ನಮ್ಮ ಮಾಸ್ತರರು ಹೇಳಿಕೊಟ್ಟ ಅದೇ ವೇಳೆ.

ಮೂರನೆಯದು ವಿಸ್ತಾರ. "ಒಂದೆರಡು ಕಡೆ" ಎಂದರೆ ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ. "ಕೆಲವು ಕಡೆ" ಎಂದರೆ ಅರ್ಧದವರೆಗೆ. "ಹಲವು ಕಡೆ" ಎಂದರೆ ಮುಕ್ಕಾಲು ಭಾಗದವರೆಗೆ. "ಬಹುತೇಕ ಕಡೆ" ಎಂದರೆ ಅದಕ್ಕೂ ಹೆಚ್ಚು. ಧಾರವಾಡ ಆಕಾಶವಾಣಿಯಲ್ಲಿ ನೀವು ಚಿಕ್ಕಂದಿನಿಂದ ಕೇಳಿದ ಇಂಥ ಮಾತುಗಳ ಹಿಂದೆ ಹೀಗೊಂದು ಲೆಕ್ಕವಿದೆ.

ಇಷ್ಟಾದ ಮೇಲೂ ಮುನ್ಸೂಚನೆ ತಪ್ಪುತ್ತದೆ. ಚಂಡಮಾರುತ ಯಾವ ಕಡೆ ಸಾಗುತ್ತದೆ ಎಂದು ಕೆಲವು ದಿನ ಮೊದಲೇ ಹೇಳಬಹುದು. ಆದರೆ ಯಾವ ಊರಿನ ಮೇಲೆ ಎಷ್ಟು ಗಂಟೆಗೆ ಮೋಡ ಒಡೆಯುತ್ತದೆ ಎಂದು ಹೇಳುವುದು ಇಂದಿಗೂ ಕಷ್ಟ, ನಮ್ಮಂಥ ಗುಡ್ಡಗಾಡಿನಲ್ಲಿ ಇನ್ನೂ ಕಷ್ಟ. ಆದ್ದರಿಂದ "ಬರತದೋ ಇಲ್ಲೋ" ಎಂದಷ್ಟೇ ಕೇಳಬೇಡಿ. "ಬಂದರೆ ನನಗೆ ಎಷ್ಟು ನಷ್ಟ, ಕಾದರೆ ಎಷ್ಟು ನಷ್ಟ" ಎಂದು ಕೇಳಿಕೊಳ್ಳಿ. ಭತ್ತ ಕೊಯ್ಯುವುದನ್ನು ಮೂರು ದಿನ ಮುಂದೂಡಿದರೆ ಸ್ವಲ್ಪ ಕಾಳು ಉದುರಬಹುದು, ಕೂಲಿಯವರನ್ನು ಮತ್ತೆ ಹುಡುಕಬೇಕಾಗಬಹುದು. ಕೊಯ್ದು ಹಾಸಿದ ಮೇಲೆ ಮಳೆ ಬಂದರೆ ಇಡೀ ವರ್ಷದ ಅನ್ನ ಹೋಗುತ್ತದೆ. ಇಟ್ಟಂಗಿ ಭಟ್ಟಿಯವರ ಲೆಕ್ಕವೂ ಇದೇ. ಹಸಿ ಇಟ್ಟಂಗಿಯ ಮೇಲೆ ತಾಡಪತ್ರಿ ಹೊದಿಸುವ ಖರ್ಚು ಸಣ್ಣದು, ಕರಗಿದ ಇಟ್ಟಂಗಿ ಮತ್ತೆ ಮಣ್ಣೇ.

ಹಿರಿಯರು ಕೇಳಬಹುದು: "ನಮ್ಮ ಹಸ್ತ, ಚಿತ್ತಾ, ಸ್ವಾತಿ ಮಳೆಗಳ ಲೆಕ್ಕ ಸುಳ್ಳೇನು?" ಸುಳ್ಳಲ್ಲ. ಈ ದಿನಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಎಂಬುದು ಎಷ್ಟೋ ತಲೆಮಾರು ನೋಡಿ ಕಂಡುಕೊಂಡ ಅನುಭವ. ಅದು ಸರಾಸರಿ ಹೇಳುತ್ತದೆ. ಈ ವರ್ಷ, ಈ ವಾರ ಏನಾಗುತ್ತದೆ ಎಂಬುದನ್ನು ಉಪಗ್ರಹ ಹೇಳುತ್ತದೆ. ಬಿತ್ತನೆಯ ಕಾಲ ನಿರ್ಧರಿಸಲು ಅಜ್ಜನ ಮಾತು ಕೇಳಿ, ಕೊಯ್ಲಿನ ದಿನ ನಿರ್ಧರಿಸಲು ಮುನ್ಸೂಚನೆ ಕೇಳಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ಪ್ರತಿ ಮಂಗಳವಾರ ಮತ್ತು ಶುಕ್ರವಾರ ರೈತರಿಗಾಗಿ ಹವಾಮಾನ ಸಲಹೆ ಹೊರಡುತ್ತದೆ. 'ಮೇಘದೂತ' ಆ್ಯಪ್‌ನಲ್ಲೂ ಅದು ಸಿಗುತ್ತದೆ. ಸಿಡಿಲಿನ ಎಚ್ಚರಿಕೆಗೆ 'ದಾಮಿನಿ' ಇದೆ. ಹಿಂಗಾರಿನ ಮಧ್ಯಾಹ್ನ ಗುಡುಗು ಕೇಳಿದರೆ ಮರದ ಕೆಳಗೆ ನಿಲ್ಲಬೇಡಿ. ದನ ಬಿಟ್ಟು ಬಂದೆ ಎಂದು ಮತ್ತೆ ಹೊರಗೆ ಓಡಬೇಡಿ.

ಕೊನೆಯದಾಗಿ ನಮ್ಮ ಹೊಳೆಯ ಮಾತು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ ದಾಟಿ, ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳ ಮುಟ್ಟಿ, ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ರಾಮದುರ್ಗ, ಪಟ್ಟದಕಲ್ಲು, ಐಹೊಳೆಯ ಮೇಲೆ ಹಾಯ್ದು 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ಗುಡ್ಡಗಳ ಇನ್ನೊಂದು ಮಗ್ಗುಲಲ್ಲಿ, ನಮ್ಮ ತಾಲ್ಲೂಕಿನ ದೇಗಾಂವದಲ್ಲಿ ಹುಟ್ಟುವ ಮಹದಾಯಿ ಪಣಜಿಯ ಕಡಲಿಗೆ ಇಳಿಯುತ್ತದೆ. ಹಂಚಿನ ಮಾಡಿನ ಈಚೆ ಬಿದ್ದ ಹನಿ ಬಂಗಾಳ ಕೊಲ್ಲಿಗೆ, ಆಚೆ ಬಿದ್ದ ಹನಿ ಅರಬ್ಬಿಗೆ. ಆ ಮಾಡಿನ ನೆತ್ತಿಯ ಮೇಲೆ ಕುಳಿತವರು ನಾವು.

ಹಬ್ಬನಹಟ್ಟಿಯ ಆಂಜನೇಯನ ಗುಡಿಗೆ ನೀರು ಹತ್ತಿತೆಂದರೆ ಮಲಪ್ರಭೆ ತುಂಬಿತು ಎಂದು ನಮ್ಮಲ್ಲಿ ಲೆಕ್ಕ. ಆ ನೀರು ಕೆಳಗಿನ ಊರು ಮುಟ್ಟಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ದನ ಬಿಚ್ಚಬಹುದು, ಮುದುಕರನ್ನು ಸಾಗಿಸಬಹುದು, ಕಾಗದಪತ್ರ, ಕಾಳಿನ ಚೀಲ ಮೇಲೆ ಇಡಬಹುದು. ಮೇಲಿನವರು ಹೇಳಿದರೆ ಮಾತ್ರ ಕೆಳಗಿನವರಿಗೆ ಆ ಹೊತ್ತು ಸಿಗುತ್ತದೆ. ಸಮುದ್ರದ ಸುದ್ದಿ ನಮಗೆ ಬರಲಿಲ್ಲ ಎಂದು ನಾವು ದೂರುವಂತೆಯೇ, ನಮ್ಮ ಹೊಳೆಯ ಸುದ್ದಿ ತಮಗೆ ಬರಲಿಲ್ಲ ಎಂದು ಕೆಳಗಿನವರು ನಮ್ಮನ್ನು ದೂರಬಾರದು.

ಹಾಗಾಗಿ ಈ ಸುವರ್ಣ ಮಹೋತ್ಸವದ ನೆನಪಿಗೆ ನನ್ನ ಮೂರು ಬೇಡಿಕೆಗಳಿವೆ. ಒಂದು, ಶಾಲೆಯ ಅಂಗಳದ ಅದೇ ಮೂಲೆಯಲ್ಲಿ ಮತ್ತೆ ಒಂದು ಮಳೆಮಾಪಕ ಕೂಡ್ರಿಸೋಣ. ಯಂತ್ರ ಲೆಕ್ಕ ಕಳಿಸುತ್ತದೆ ನಿಜ, ಆದರೆ ಮಕ್ಕಳ ಕೈ ಅಳೆಯಬೇಕು. ಅದರ ಖರ್ಚು ನನ್ನದು. ಎರಡು, ಬಸ್ ನಿಲ್ದಾಣದಲ್ಲಿ ಒಂದು ಕಪ್ಪು ಹಲಗೆ ಹಾಕೋಣ. ಇಂದಿನ ಮಳೆ, ನಾಳೆಯ ಮುನ್ಸೂಚನೆ, ಬಣ್ಣ, ಇಷ್ಟನ್ನೇ ಮಕ್ಕಳು ದಿನವೂ ಬರೆಯಲಿ. ಕನ್ನಡದಲ್ಲೂ ಬರೆಯಲಿ, ಮರಾಠಿಯಲ್ಲೂ ಬರೆಯಲಿ. ನಮ್ಮ ತಾಲ್ಲೂಕಿನಲ್ಲಿ ಒಂದು ಮನೆಯ ಮಾತು ಕನ್ನಡ, ಪಕ್ಕದ ಮನೆಯ ಮಾತು ಮರಾಠಿ. ಇಬ್ಬರ ಭತ್ತವೂ ಒಂದೇ ಮಳೆಯಲ್ಲಿ ನೆನೆಯುತ್ತದೆ. ಮೂರು, ಹೊಳೆದಂಡೆಯ ಪ್ರತಿ ಊರಿನಲ್ಲಿ ನಮ್ಮ ಶಾಲೆಯಲ್ಲಿ ಕಲಿತವರೊಬ್ಬರು ಇದ್ದೇ ಇದ್ದಾರೆ. ಇವತ್ತು ಊಟಕ್ಕೆ ಏಳುವ ಮೊದಲು ಅವರೆಲ್ಲ ಒಂದು ಹಾಳೆಯ ಮೇಲೆ ತಮ್ಮ ಫೋನ್ ನಂಬರ್ ಬರೆದುಕೊಡಲಿ. ಮೇಲಿನ ಊರಿನವರು ಕೆಳಗಿನ ಊರಿನವರಿಗೆ ಒಂದು ಕರೆ ಮಾಡಿದರೆ ಸಾಕು.

ಮಕ್ಕಳೇ, ನಿಮ್ಮಲ್ಲಿ ಯಾರಿಗೆ ಆ ವಹಿ ಬರೆಯುವ ಕೆಲಸ ಬರುತ್ತದೋ ನನಗೆ ಗೊತ್ತಿಲ್ಲ. ರವಿವಾರ ಬರಲು ಬೇಸರವಾದರೆ ನನಗೆ ಹೇಳಿ, ನಾನು ಬಂದು ನೋಡುತ್ತೇನೆ. ನಿವೃತ್ತನಾದವನಿಗೆ ಎಲ್ಲ ವಾರವೂ ರವಿವಾರವೇ. ಆದರೆ ನೋಡದೆ ಮಾತ್ರ ಬರೆಯಬೇಡಿ.

ನನ್ನ ಮಾಸ್ತರರು ಈಗಿಲ್ಲ.  ಊಟದ ಹೊತ್ತು ಇನ್ನೂ ಮೀರಿಲ್ಲ ಎಂದುಕೊಂಡಿದ್ದೇನೆ.